ಅಂಗೈ ಮರೆಯ ಕಣ್ಣು

“ಕಣ್ಣಾಗ ಏನರೆ ಬಿತ್ತೇನ್ರಿ?”

ಮಥುರಾ ಬೆಚ್ಚಿಬಿದ್ದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರಿಂದ, ಆತ ಬಲಕ್ಕೆ ಬಂದು ನಿಂತದ್ದೇ ಅವಳಿಗೆ ಕಂಡಿರಲಿಲ್ಲ. ಮೆಲ್ಲಗೆ ಮುಖ ಹೊರಳಿಸಿ ನೋಡಿದಳು.

ಅಯ್ಯೋ... ಇವರೇ! ಫೋಟೋದಲ್ಲಿ ಇದ್ದ ಅದೇ ಮುಖ... ಆದರೆ ಫೋಟೋದಲ್ಲಿ ಈ ನಗು ಇರಲಿಲ್ಲ.

ಕಮಲಾಪುರದ ಮುಕುಂದ. ಪಶು ಆಸ್ಪತ್ರೆಯಲ್ಲಿ ನೌಕರಿ. ಹೆಣ್ಣು ನೋಡಲು ಬರಬೇಕಾದ ದಿನವೇ ಯಾರದೋ ಎಮ್ಮೆ ಈಯಲಾರದೆ ಒದ್ದಾಡಿದ್ದರಿಂದ, ತಾಯಿಯನ್ನೂ ಕಾಕಾನನ್ನೂ ಕಳಿಸಿ ತಾನು ಕೊಟ್ಟಿಗೆಗೆ ಹೋದ ಪುಣ್ಯಾತ್ಮ! ಜಾತಕ ಕೂಡಿತ್ತು, ಹಿರಿಯರು ಒಪ್ಪಿದ್ದರು, ಲಗ್ನಕ್ಕೆ ತಿಂಗಳೊಪ್ಪತ್ತು ಉಳಿದಿತ್ತು. ಹುಡುಗ-ಹುಡುಗಿ ಮಾತ್ರ ಒಬ್ಬರನ್ನೊಬ್ಬರು ಮೊದಲ ಸಲ ಎದುರಾಬದುರು ನೋಡುತ್ತಿದ್ದದ್ದು ಇಂದು, ಸೇಡಂ ರಸ್ತೆಯ ಈ ಟಿವಿ ಅಂಗಡಿಯಲ್ಲಿ.

“ಹೂಂ... ಕಸ ಬಿದ್ದದ,” ಎಂದಳು ಮಥುರಾ.

ಸುಳ್ಳು! ಎಂಥ ಹಸಿ ಸುಳ್ಳು!

ಮುಕುಂದ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ. “ತೊಗೊಳ್ರಿ. ಎಮ್ಮಿ ವಾಸನಿ ಇಲ್ಲ, ಒಗದದ್ದದ.”

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಇಷ್ಟು ಒಳ್ಳೆಯ ಮನುಷ್ಯನಿಗೆ ಮೊದಲ ಮಾತಿನಲ್ಲೇ ಸುಳ್ಳು ಹೇಳಿದೆನಲ್ಲ, ದೇವರೇ...

ಅಂಗಡಿಯ ಗೋಡೆ ತುಂಬ ಟಿವಿಗಳು. ಎಲ್ಲವೂ ಚಾಲೂ ಇದ್ದವು. ಹಾಡು, ಜಾಹೀರಾತು, ಕ್ರಿಕೆಟ್ಟು... ಎಲ್ಲ ಗಾಜುಗಳೂ ಪಟಪಟ ಮಿಂಚುತ್ತಿದ್ದವು. ನೋಡುವವರಿಗೆಲ್ಲ ಅದು ಹಬ್ಬ. ಮಥುರಾಳಿಗೆ ಮಾತ್ರ ಎದೆ ಢವಢವ.

ಏಕೆಂದರೆ ಟಿವಿಯೇ ಅವಳ ಶತ್ರು.

ಹೈಸ್ಕೂಲಿನಲ್ಲಿದ್ದಾಗ ಮನೆಯಲ್ಲಿ ಎಲ್ಲರಿಗಿಂತ ಮುಂದೆ ಕೂತು ಟಿವಿ ನೋಡುತ್ತಿದ್ದವಳು, ಕೂತಲ್ಲೇ ನೆಲಕ್ಕೆ ಬಿದ್ದು ಕೈಕಾಲು ಸೆಟೆದುಕೊಂಡಿದ್ದಳು. ಕೆಲವು ತಿಂಗಳ ಬಳಿಕ ಮತ್ತೊಮ್ಮೆ. ಆಗಲೂ ಎದುರಿಗೆ ಟಿವಿಯೇ! ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: “ಟಿವಿ ಬೆಳಕು ಸೆಕೆಂಡಿಗೆ ಐವತ್ತು ಸಲ ಅದುರ್ತದ. ನಮ್ಮ ನಿಮ್ಮ ಕಣ್ಣಿಗೆ ಗೊತ್ತಾಗಂಗಿಲ್ಲ, ಇಕಿ ತಲಿಗೆ ತಡಕೊಳ್ಳಾಕ ಆಗಂಗಿಲ್ಲ. ಹತ್ರ ಕೂಡಬಾರ್ದು, ಕತ್ತಲದಾಗ ನೋಡಬಾರ್ದು. ಅಕಸ್ಮಾತ್ ಎದುರಿಗೆ ಬಂದ್ರ ಒಂದು ಕಣ್ಣು ಪೂರಾ ಮುಚ್ಕೋಬೇಕು.” ಕೆಲ ವರ್ಷ ಗುಳಿಗೆ ನುಂಗಿದಳು. ಆಮೇಲೆ ಡಾಕ್ಟರೇ ಗುಳಿಗೆ ನಿಲ್ಲಿಸಿದರು. ಟಿವಿಯಿಂದ ದೂರ ಇದ್ದರೆ ಏನೂ ಇಲ್ಲ, ಎಲ್ಲರ ಹಾಗೆ ಗಟ್ಟಿಮುಟ್ಟು ಹುಡುಗಿ.

ಆದರೆ ಮದುವೆಯ ಮಾತು ಬಂದರೆ? ‘ಫಿಟ್ಸ್ ಬರೋ ಹುಡುಗಿ’ ಎಂಬ ಒಂದು ಮಾತು ಸಾಕು, ಯಾರೂ ಹೊಸ್ತಿಲು ತುಳಿಯುವುದಿಲ್ಲ!

ಅದಕ್ಕೇ ಅವಳ ತಾಯಿ ಪಾರ್ವತೀಬಾಯಿ ಒಂದು ಉಪಾಯ ಹೂಡಿದ್ದರು. ಮನೆಯ ಟಿವಿಯನ್ನು ಸದ್ದಿಲ್ಲದೆ ಮಾರಿ, “ನಮ್ಮದು ಆಚಾರದ ಮನೀರಿ, ಟಿವಿ-ಗೀವಿ ಇಟ್ಕೊಳ್ಳಂಗಿಲ್ಲ,” ಎಂದು ಎಲ್ಲರೆದುರು ಹೇಳತೊಡಗಿದರು. ಅವರಿದ್ದ ಇಡೀ ಖೂಬಾ ಪ್ಲಾಟ್ ಬಡಾವಣೆ ಅದನ್ನು ನಂಬಿತು. ನಂಬಿದ್ದಷ್ಟೇ ಅಲ್ಲ, ಕೊಂಡಾಡಿತು! ಮಗಳ ರೋಗ ಹೀಗೆ ಮನೆಯ ಮಡಿಯಾಗಿ ಹೆಸರು ಗಳಿಸಿತು. ಅವಳಿಂದ ತಾಯಿ ಆಣೆಯನ್ನೂ ಮಾಡಿಸಿಕೊಂಡಿದ್ದರು. “ನನ್ನ ತಲಿ ಮ್ಯಾಲ ಕೈ ಇಡು. ಅಕ್ಷತಿ ಬೀಳೋ ತನಕ ಬಾಯಿ ಬಿಡಂಗಿಲ್ಲ ಅನ್ನು.” ಮಥುರಾ ಕೈ ಇಟ್ಟಿದ್ದಳು.

ಆ ಸುಳ್ಳೇ ತಿರುಗಿ ಬಂತು ನೋಡಿ!

ಹೆಣ್ಣು ನೋಡಲು ಬಂದ ಮುಕುಂದನ ತಾಯಿ ತುಂಗಾಬಾಯಿ, ಹುಡುಗಿಯ ಗಲ್ಲ ಸವರಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. “ಪಾಪ, ಹುಟ್ಟಿದಾಗಿಂದ ಟಿವಿ ಇಲ್ಲದ ಮನ್ಯಾಗ ಬೆಳದದ ಕೂಸು! ನಮಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಒಂದು ದೊಡ್ಡ ಟಿವಿ ಕೊಡ್ರಿ ಸಾಕು. ಅತ್ತಿ-ಸೊಸಿ ಜೋಡೀಲೆ ಕೂತು ಕಥಿ ನೋಡ್ತೀವಿ!”

ಪ್ರೀತಿಯಿಂದಲೇ ಕೇಳಿದ್ದು. ಸಿಟ್ಟಿನಿಂದ ಕೇಳಿದ್ದರೆ ಇಲ್ಲವೆನ್ನಬಹುದಿತ್ತು. ಪ್ರೀತಿಗೆ ಇಲ್ಲ ಅನ್ನುವುದು ಹೇಗೆ?

“ಆಚಾರ್ರೇ, ಇಲ್ಲಿ ಬರ್ರಿ,” ಅಂಗಡಿಯ ಇಮಾಮುದ್ದೀನ್ ಮಥುರಾಳ ತಂದೆ ಗುರುರಾಜಾಚಾರ್ಯರನ್ನು ಕರೆದರು. “ಇವೆರಡೂ ಒಂದೇ ಸೈಜು. ಇದು ಸಾದಾ, ಐವತ್ತು ಹರ್ಟ್ಜ್, ಅಂದ್ರ ಸೆಕೆಂಡಿಗೆ ಐವತ್ತು ಸಲ ಮಿಂಚ್ತದ. ಅದು ನೂರರದು, ಹೊಸಾದು. ಫರಕ್ ನೋಡ್ಬೇಕಂದ್ರ ಸೀದಾ ನೋಡಬ್ಯಾಡ್ರಿ. ಆ ಕಡೆ ಗೋಡಿ ನೋಡ್ರಿ, ಟಿವಿನ ಓರೆಗಣ್ಣಿಲೆ ನೋಡ್ರಿ.”

ಆಚಾರ್ಯರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. “ಅರೆ... ಇದು ಅದುರಾಕತ್ತದಲ್ಲ!”

“ಅದೇ ನೋಡ್ರಿ! ದೊಡ್ಡ ಗಾಜಿನಾಗ ಮತ್ತೂ ಜಾಸ್ತಿ ಅದುರ್ತದ. ನೂರರದು ಒಂದೊಂದು ಚಿತ್ರ ಎರಡೆರಡು ಸಲ ತೋರಿಸ್ತದ. ಅದುರಂಗಿಲ್ಲ, ಕಣ್ಣಿಗೆ ಆರಾಮ.”

ಮಥುರಾ ಉಸಿರು ಬಿಗಿ ಹಿಡಿದಳು. ಅಂಗೈ ತೆಗೆಯದೆಯೇ ನೂರರ ಟಿವಿಯತ್ತ ಓರೆಯಾಗಿ ನೋಡಿದಳು. ಅಲ್ಲಿ ಬೆಳಕು ನಿಂತ ನೀರಿನಂತೆ ಸುಮ್ಮನಿತ್ತು. ಕಣ್ಣಿನ ಹಿಂದೆ ಚುಚ್ಚುವ ಆ ಹಳೆಯ ನಡುಕ ಇರಲೇ ಇಲ್ಲ!

“ಅಪ್ಪಾ, ಇದೇ ತೊಗೊಳ್ಳೋಣ!”

ಬೆಲೆ ಕೇಳಿದ ಆಚಾರ್ಯರ ಮುಖ ಸಣ್ಣದಾಯಿತು. ಆದರೂ ಮಗಳ ಮಾತಿನ ಅರ್ಥ ಅವರಿಗೆ ತಿಳಿದಿತ್ತು. ಹೇಗಾದರೂ ಮಾಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮುಕುಂದ ಮುಂದೆ ಬಂದ.

“ಬ್ಯಾಡ್ರಿ ಮಾವಾರ, ಸಾದಾ ಸಾಕು. ನೂರರದ್ರಾಗ ಕ್ರಿಕೆಟ್ ನೋಡ್ರಿಲ್ಲಿ, ಚೆಂಡು ಓಡಿದಾಗ ಹಿಂದ ಇನ್ನೊಂದು ಚೆಂಡು ಬಾಲದಂಗ ಕಾಣ್ತದ. ಸಾದಾದ್ರಾಗ ಚೆಂಡು ಸಾಫ್ ಅದ.”

“ಖರೇ ಅದ,” ಇಮಾಮುದ್ದೀನ್ ಒಪ್ಪಿಕೊಂಡರು. “ನಿಂತ ಚಿತ್ರಕ್ಕ ನೂರರದು ಚಲೋ, ಓಡೋ ಚಿತ್ರಕ್ಕ ಬಾಲ ಬರ್ತದ. ನಿಮಗ ಏನು ಬೇಕು ಅನ್ನೋದರ ಮ್ಯಾಲ ಅದ.”

ಮುಕುಂದನಿಗೆ ಚೆಂಡು ಒಂದು ನೆಪ. ಆಚಾರ್ಯರ ಮುಖ ಸಣ್ಣದಾದದ್ದು ಅವನ ಕಣ್ಣಿಗೆ ಬಿದ್ದಿತ್ತು. ಮಾವನ ಮೇಲೆ ಭಾರ ಬೀಳಬಾರದು, ಅಷ್ಟೇ. ಎಂಥ ಒಳ್ಳೆಯ ಮನಸ್ಸು! ಆ ಒಳ್ಳೆಯತನವೇ ತನ್ನ ಕುತ್ತಿಗೆಗೆ ಬರುತ್ತಿದೆಯೆಂದು ಮಥುರಾ ಯಾರಿಗೆ ಹೇಳಬೇಕು?

“ನನಗ ಅದೇ ಬೇಕು,” ಎಂದಳು. ದನಿ ಗಟ್ಟಿಯಾಗಿಯೇ ಬಂತು.

ಮುಕುಂದ ಅಚ್ಚರಿಯಿಂದ ನೋಡಿದ. ಆ ನೋಟದಲ್ಲಿ ಸ್ವಲ್ಪ ಮೊದಲಿನ ನಗು ಇರಲಿಲ್ಲ. “ನಿಮ್ಮ ಅಪ್ಪನ ಮುಖಾನೂ ಒಂದಿಷ್ಟು ನೋಡ್ರಿ,” ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದ.

ಹಟ ಹಿಡಿದರೆ ಕಾರಣ ಹೇಳಬೇಕು. ಕಾರಣ ಹೇಳುವಂತಿಲ್ಲ...

ಸಾದಾ ಟಿವಿಯೇ ನಿಶ್ಚಯವಾಯಿತು. ಅದೂ ಅಂಗಡಿಯಲ್ಲೇ ಎಲ್ಲಕ್ಕಿಂತ ದೊಡ್ಡ ಗಾಜಿನದು.

*

ಟಿವಿ ಕಮಲಾಪುರಕ್ಕೆ ಹೋಯಿತು. ಹಿಂದೆಯೇ ಕರೆ ಬಂತು. ಭಾವೀ ಸೊಸೆಗೆ ಉಡಿ ತುಂಬಬೇಕು, ಟಿವಿಯ ಗುಂಡಿ ಮೊದಲು ಅವಳೇ ಒತ್ತಬೇಕು, ಇದು ತುಂಗಾಬಾಯಿಯ ಆಸೆ.

“ಹೋಗಂಗಿಲ್ಲ ಅಂದ್ರ ಅನುಮಾನ ಬರ್ತದ,” ಎಂದರು ಪಾರ್ವತೀಬಾಯಿ. “ಒಂದು ಗಳಿಗಿ ಕೂತು ಎದ್ದು ಬಾ. ಏನಾಗಂಗಿಲ್ಲ.”

“ಏನರೆ ಆದ್ರ, ಅವ್ವಾ?”

ತಾಯಿ ಹಾಕಿದ್ದ ಹೆರಳನ್ನೇ ಬಿಚ್ಚಿ ಮತ್ತೆ ಹಾಕತೊಡಗಿದರು.

ತಾಯಿ-ಮಗಳು ಹೋದಾಗ ಕಮಲಾಪುರದ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ತೊಲೆಗೆ ಕೆಂಪು ಬಾಳೆಯ ಗೊನೆ ತೂಗುಬಿಟ್ಟಿತ್ತು, ಬಂದವರಿಗೆಲ್ಲ ಅದರ ಹಣ್ಣು. ಟಿವಿಗೆ ಅರಿಶಿನ ಕುಂಕುಮ ಏರಿಸಿ ಆರತಿ ಬೆಳಗಿಯಾಗಿತ್ತು. ಚಿತ್ರ ಚೆನ್ನಾಗಿ ಕಾಣಲೆಂದು ಯಾರೋ ಕಿಟಕಿ ಬಾಗಿಲು ಹಾಕಿ, ಪರದೆ ಎಳೆದರು. ಪಡಸಾಲೆ ಕತ್ತಲಾಯಿತು.

ಹತ್ತಿರ ಕೂಡಬಾರದು... ಕತ್ತಲಲ್ಲಿ ನೋಡಬಾರದು... ಡಾಕ್ಟರ ಮಾತು ಅವಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

“ಬಾ ಕೂಸೇ, ನನ್ನ ಬಾಜೂ ಕೂಡು!” ತುಂಗಾಬಾಯಿ ಟಿವಿಯ ಎದುರಿಗೇ ಚಾಪೆ ಹಾಸಿ ಕೂತಿದ್ದರು.

ಮಥುರಾ ಗುಂಡಿ ಒತ್ತಿದಳು. ಗಾಜು ಝಗ್ಗೆಂದಿತು. ಕೂತ ಕೂಡಲೇ ಅಂಗೈ ತಾನಾಗಿಯೇ ಬಲಗಣ್ಣಿಗೆ ಹೋಯಿತು. ತುಂಗಾಬಾಯಿ ನಕ್ಕು, ಆ ಕೈಯನ್ನು ಮೆತ್ತಗೆ ಎಳೆದು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡರು.

“ನಾಚಿಕಿ ಯಾಕ? ಎರಡೂ ಕಣ್ಣು ತುಂಬ ನೋಡು! ನಿನ್ನ ಸಲುವಾಗೇ ತರ್ಸೀನಿ.”

ಎಡಗೈಯಲ್ಲಿ ಉಡಿ ತುಂಬಿದ ಸೆರಗಿತ್ತು. ಅಕ್ಕಿ, ಕೊಬ್ಬರಿ, ಅರಿಶಿನ... ಅದನ್ನು ಬಿಟ್ಟರೆ ಅಪಶಕುನ. ಬಲಗೈ ಅತ್ತೆಯ ಪ್ರೀತಿಯಲ್ಲಿ ಸಿಕ್ಕಿಬಿದ್ದಿತ್ತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಕೆಂಪು ಕೆಂಪಾಗಿ ಬೆಳಕು ಅದುರುತ್ತಿತ್ತು. ನಾಲಗೆ ದಪ್ಪವಾದಂತಾಯಿತು. ಹಿಂದೆ ಬೀಳುವ ಮುಂಚೆಯೂ ಹೀಗೇ ಆಗಿತ್ತು! ಇಷ್ಟು ಮಂದಿಯ ಎದುರು... ಇವರ ಮಡಿಲಲ್ಲೇ...

ಮಥುರಾ ಕೈ ಕಿತ್ತುಕೊಂಡು ಎದ್ದಳು. ಉಡಿಯ ಅಕ್ಕಿ ಚಾಪೆಯ ಮೇಲೆ ಚೆಲ್ಲಿತು. ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಓಡಿದಳು.

ಪಡಸಾಲೆಯಲ್ಲಿ ಟಿವಿಯ ದನಿಯೊಂದೇ ಉಳಿಯಿತು.

ಹಿತ್ತಲ ಕಟ್ಟೆಗೆ ಒರಗಿ ಅವಳು ಏದುಸಿರು ಬಿಡುತ್ತಿದ್ದಾಗ ಮುಕುಂದ ಬಂದ. ಸಿಟ್ಟಿರಲಿಲ್ಲ. ಸಿಟ್ಟಿಗಿಂತ ಕೆಟ್ಟದ್ದಿತ್ತು, ಬೇಸರ.

“ಒಳಗ ನಮ್ಮ ಆಯಿ ಅಳಾಕತ್ತಾಳ,” ಎಂದ. “ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಿಮಗ ಬೇಕಾದ ಟಿವಿ ಕೊಡಿಸಲಿಲ್ಲಂತ ಹಿಂಗ ಮಾಡಿದ್ರೇನು?”

ಅಲ್ಲ! ಅಲ್ಲ ರೀ! ಎಂದು ಕೂಗಬೇಕೆನಿಸಿತು. ಆದರೆ ಅವನ ಬೆನ್ನ ಹಿಂದೆ, ಬಾಗಿಲಲ್ಲಿ, ಪಾರ್ವತೀಬಾಯಿ ನಿಂತಿದ್ದರು. ಎರಡೂ ಕೈ ಜೋಡಿಸಿ, ಕಣ್ಣಲ್ಲೇ ಬೇಡುತ್ತಿದ್ದರು. ಹೆತ್ತ ತಾಯಿ ಮಗಳಿಗೆ ಕೈ ಮುಗಿದು ನಿಂತರೆ ಮಗಳೇನು ಮಾಡಬೇಕು ಹೇಳಿ?

“ಹೌದು,” ಎಂದಳು ಮಥುರಾ.

“ನಮ್ಮಂಥ ಮನ್ಯಾಗ ನಿಮಗ ಸುಖ ಆಗಂಗಿಲ್ಲೇನೋ,” ಎಂದಷ್ಟೇ ಹೇಳಿ ಮುಕುಂದ ಒಳಗೆ ಹೋದ.

*

ಮೂರ್ನಾಲ್ಕು ದಿನ ಕಮಲಾಪುರದಿಂದ ಸುದ್ದಿ ಇಲ್ಲ. ಆಮೇಲೆ ಕಾಕಾನ ಫೋನು ಬಂತು. ‘ಲಗ್ನಪತ್ರಿಕಿ ಈಗ ಹಂಚಬ್ಯಾಡ್ರಿ, ಸ್ವಲ್ಪ ತಡೀರಿ.’

ತಡೆಯುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ಮಥುರಾ ಆ ಕರವಸ್ತ್ರವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಮರಳಿಸಲು ಮರೆತದ್ದೋ, ಮನಸ್ಸಾಗದ್ದೋ! ಬಾಯಿ ಬಿಟ್ಟರೆ ‘ಫಿಟ್ಸ್ ಹುಡುಗಿ’ಯೆಂದು ಕಳಕೊಳ್ಳುತ್ತೇನೆ, ಬಿಡದಿದ್ದರೆ ಅಹಂಕಾರಿಯೆಂದು ಕಳಕೊಳ್ಳುತ್ತೇನೆ... ಅವರು ಹೇಗೂ ಹೋಗುವವರೇ. ಹಾಗಿದ್ದರೆ, ಅಪ್ಪನನ್ನು ಹಿಂಡಿ ಟಿವಿ ಕೇಳಿದವಳು ಎಂದುಕೊಂಡು ಹೋಗುವುದು ಬೇಡ. ಕಾಯಿಲೆಯವಳು ಎಂದುಕೊಂಡೇ ಹೋಗಲಿ. ಅದಾದರೂ ನಿಜ.

ಬೆಳಗ್ಗೆ ಎದ್ದು ತಾಯಿಯ ಎದುರು ಕೂತಳು. “ಅವ್ವಾ, ಆಣಿ ವಾಪಸ್ ತೊಗೋ.”

ಪಾರ್ವತೀಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನಿನ್ನ ಚಲೋದಕ್ಕೇ ಮಾಡಿದ್ನೆವ್ವಾ...”

“ಗೊತ್ತದ ಅವ್ವಾ. ಆದ್ರ ಅವರ ತಾಯಿ ನನ್ನ ಕೈ ಹಿಡದಾಗ ನಾ ಅಲ್ಲೇ ಸತ್ತಂಗಾತು. ದಿನಾ ಹಂಗ ಹ್ಯಾಂಗ ಬದುಕಲಿ?”

ತಾಯಿ ಮಗಳ ಕೈ ಹಿಡಿದು ತಮ್ಮ ತಲೆಯ ಮೇಲಿಟ್ಟುಕೊಂಡು, ತಾವೇ ಕೆಳಗಿಳಿಸಿದರು. ಗುರುರಾಜಾಚಾರ್ಯರು ಓಣಿಯ ಕೊನೆಯ ಎಸ್‌ಟಿಡಿ ಬೂತಿಗೆ ಮಗಳನ್ನು ಕರೆದೊಯ್ದು, ಪಶು ಆಸ್ಪತ್ರೆಯ ನಂಬರು ಒತ್ತಿ, ರಿಸೀವರನ್ನು ಅವಳ ಕೈಗೆ ಕೊಟ್ಟು ಹೊರಗೆ ನಿಂತರು.

“ನಾ... ಮಥುರಾ. ಒಂದೇ ಒಂದು ಸಲ ಆ ಟಿವಿ ಅಂಗಡಿಗೆ ಬರ್ತೀರೇನು? ಬಾಯಿಲೆ ಹೇಳಾಕ ಬರವಲ್ದು. ತೋರಸ್ತೀನಿ.”

ಆ ಕಡೆ ಎಲ್ಲೋ ಎಮ್ಮೆಯೊಂದು ಕೂಗಿತು. ಆಮೇಲೆ, “ಮಧ್ಯಾಹ್ನ ಬರ್ತೀನಿ.”

*

ಅದೇ ಅಂಗಡಿ, ಅದೇ ಗೋಡೆ. ಮಥುರಾ ಬಲಗಣ್ಣು ಮುಚ್ಚಿಕೊಂಡೇ ಒಳಗೆ ಬಂದಳು. ಮುಕುಂದ ಆಗಲೇ ಬಂದು ಇಮಾಮುದ್ದೀನರ ಜೊತೆ ಏನೋ ಮಾತಾಡುತ್ತಿದ್ದ. ಅವಳನ್ನು ಕಂಡು ಮಾತು ನಿಲ್ಲಿಸಿದ.

“ಚಾಚಾ, ಆವತ್ತಿನಂಥ ಎರಡು ಟಿವಿ ಹಚ್ರಿ.” ಅವಳು ಮುಕುಂದನತ್ತ ತಿರುಗಿದಳು. “ನೀವು ಗೋಡಿ ನೋಡ್ರಿ. ಓರೆಗಣ್ಣಿಲೆ ಸಾದಾ ಟಿವಿ ನೋಡ್ರಿ. ಅದುರ್ತದಲ್ಲ?”

“ಹೂಂ. ಅದುರ್ತದ.”

“ನಿಮಗ ಅದು ಗೋಡಿ ನೋಡಿದಾಗಷ್ಟೇ ಕಾಣ್ತದ. ನನಗ... ಎಲ್ಲಿ ನೋಡಿದ್ರೂ ಕಾಣ್ತದ. ಕಣ್ಣಿಲೆ ಹೊಕ್ಕು ತಲಿಯೊಳಗ ಅದುರ್ತದ. ಎದುರಿಗೆ ಕೂತ್ರ ನಾ ಬೀಳ್ತೀನಿ. ಎರಡು ಸಲ ಬಿದ್ದೀನಿ. ಫಿಟ್ಸ್... ಫಿಟ್ಸ್ ಬರ್ತಾವ ನನಗ.” ಹೇಳಿಬಿಟ್ಟಳು! “ನಮ್ಮ ಮನ್ಯಾಗ ಟಿವಿ ಇಲ್ಲದ್ದು ಮಡಿಗಲ್ಲ, ಇದಕ್ಕ. ಆವತ್ತು ಕಣ್ಣಾಗ ಕಸ ಬಿದ್ದಿರಲಿಲ್ಲ. ಒಂದು ಕಣ್ಣು ಮುಚ್ಚಿದ್ರ ತಡಕೋಬಹುದು ಅಂತ ಡಾಕ್ಟರ್ ಹೇಳ್ಯಾರ. ನೂರರದು ಅದುರಂಗಿಲ್ಲಂತ ಕೇಳಿದ್ದು... ಡೌಲಿಗಲ್ಲ ರೀ.”

ಕರವಸ್ತ್ರವನ್ನು ಅವನತ್ತ ಚಾಚಿದಳು. “ಒಗದೀನಿ.”

ಮುಕುಂದ ಅದನ್ನು ತೆಗೆದುಕೊಳ್ಳಲಿಲ್ಲ. ಅವಳನ್ನೇ ಒಂದು ಕ್ಷಣ ನೋಡಿ, ಸರ್ರನೆ ತಿರುಗಿ ಅಂಗಡಿಯಿಂದ ಹೊರಗೆ ಹೋದ.

ಮುಗಿಯಿತು... ಎಲ್ಲ ಮುಗಿಯಿತು.

ಚಾಚಿದ ಕೈ ಹಾಗೇ ಇತ್ತು. ಸುತ್ತಲೂ ಹಾಡು, ನಗು, ಚಪ್ಪಾಳೆ. ಅಳಲೂ ಧೈರ್ಯವಿಲ್ಲ. ಕಣ್ಣೊರೆಸಲು ಅಂಗೈ ತೆಗೆದರೆ ಆ ಹಾಳು ಬೆಳಕು! ಇಷ್ಟು ಅಸಹಾಯಕಳಾಗಿ ಅವಳು ಎಂದೂ ನಿಂತಿರಲಿಲ್ಲ. ಇಮಾಮುದ್ದೀನ್ ಮೆಲ್ಲಗೆ, “ಕೂಡು ಬೇಟಿ,” ಎಂದರು. ಅವಳು ಕೂಡಲಿಲ್ಲ.

ಅಷ್ಟರಲ್ಲಿ ಬಾಗಿಲಿನಿಂದ ಕುಂಟು ಹೆಜ್ಜೆಯ ಸಪ್ಪಳ ಕೇಳಿತು. ಮುಕುಂದನ ಭುಜ ಹಿಡಿದು, ನೋಯುವ ಮೊಣಕಾಲು ಎಳೆಯುತ್ತ ತುಂಗಾಬಾಯಿ ಬರುತ್ತಿದ್ದರು!

“ಆಯಿನೂ ಬಂದಾಳ,” ಎಂದ ಮುಕುಂದ. “ಜೀಪಿನಾಗ ಕೂತಿದ್ಲು. ‘ಕೂಸಿಗೆ ಯಾವುದು ಬೇಕೋ ಅದೇ ಬದ್ಲಿ ಮಾಡಿ ತರೋಣ, ಟಿವಿ ಸಲುವಾಗಿ ಸೊಸಿನ ಕಳ್ಕೊಳ್ಳಾಕ ಆಗಂಗಿಲ್ಲ’ ಅಂತ ಬೆಳಗಿನಿಂದ ಹಟ ಹಿಡದಿದ್ಲು. ಈಗ ಎಲ್ಲಾ ಹೇಳೀನಿ.”

ತುಂಗಾಬಾಯಿ ಅವಳ ಎದುರು ಬಂದು ನಿಂತರು. ಬೈಯುತ್ತಾರೇನೋ ಎಂದು ಮಥುರಾ ತಲೆ ತಗ್ಗಿಸಿದಳು. ಆದರೆ ಆ ಮುದುಕಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

“ನಾನೇ... ನಾನೇ ನಿನ್ನ ಕೈ ಹಿಡದು ಕೂಡಿಸಿದ್ನಲ್ಲ! ನಿನಗೇನರೆ ಆಗಿದ್ರ?”

“ನಿಮಗ ಗೊತ್ತಿರಲಿಲ್ಲ ರೀ ಅತ್ತಿ... ನಾವೇ ಮುಚ್ಚಿಟ್ವಿ. ತಪ್ಪು ನಮ್ಮದು.”

“ತಪ್ಪೇ ಮತ್ತ! ಮುಚ್ಚಿಟ್ಟಿದ್ದು ತಪ್ಪೇ. ನಿಮ್ಮ ಅವ್ವಗ ನಾ ಬ್ಯಾರೆ ಕೇಳ್ತೀನಿ.” ತುಂಗಾಬಾಯಿ ಮೂಗೊರೆಸಿಕೊಂಡರು. “ಟಿವಿ ಎದುರಿಗೆ ನಾ ಕೂಡ್ತೀನಿ. ನೀ ನನಗ ಎದುರಾಗಿ, ಅದಕ್ಕ ಬೆನ್ನು ಮಾಡಿ ಕೂಡು. ಕಥಿ ನಾ ಹೇಳ್ತೀನಿ. ಒಬ್ಬಾಕಿ ನೋಡಿದ್ರ ನನಗ ರುಚಿ ಹತ್ತಂಗಿಲ್ಲ.”

ಮಥುರಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಮಾಮುದ್ದೀನ್ ತಲೆ ತಗ್ಗಿಸಿ ತಮ್ಮ ಕನ್ನಡಕ ಒರೆಸಿಕೊಂಡರು.

“ಸಾದಾದ್ದು ವಾಪಸ್ ತೊಗೊಂಡು ನೂರರದು ಕೊಡ್ರಿ ಚಾಚಾ,” ಎಂದ ಮುಕುಂದ. “ಆದ್ರ ಡಾಕ್ಟರ್‌ನ ಕೇಳೋ ತನಕ ಅದನ್ನೂ ಹಚ್ಚಂಗಿಲ್ಲ.”

“ಮತ್ತ... ಚೆಂಡಿಗೆ ಬಾಲ?” ಮಥುರಾ ಮೆಲ್ಲಗೆ ಕೇಳಿದಳು.

“ದಿನಾ ಬಾಲ ಇದ್ದವ್ರ ಜೋಡೀಲೇ ನನ್ನ ನೌಕರಿ. ಇನ್ನೊಂದು ಬಾಲ ಆದ್ರ ಏನು?”

ತುಂಗಾಬಾಯಿ ಕಿಸಕ್ಕನೆ ನಕ್ಕು, ಕುರ್ಚಿ ಹುಡುಕುತ್ತ ಅತ್ತ ಹೋದರು. ಮುಕುಂದ ಇಮಾಮುದ್ದೀನರ ಕಿವಿಯಲ್ಲಿ ಏನೋ ಹೇಳಿದ. ಅವರು ನಗುತ್ತ ಮೂಲೆಗೆ ಹೋಗಿ ಮೇನ್ ಸ್ವಿಚ್ಚಿಗೆ ಕೈ ಹಾಕಿದರು.

ಟಕ್!

ಗೋಡೆ ತುಂಬ ಇದ್ದ ಟಿವಿಗಳೆಲ್ಲ ಒಮ್ಮೆಲೇ ಆರಿದವು. ಹಾಡು ನಿಂತಿತು, ಚಪ್ಪಾಳೆ ನಿಂತಿತು. ಬಾಗಿಲಿನಿಂದ ಬರುತ್ತಿದ್ದ ಮಧ್ಯಾಹ್ನದ ಬಿಸಿಲಷ್ಟೇ ಉಳಿಯಿತು.

“ಇನ್ನ ಕೈ ತೆಗೀರಿ,” ಎಂದ ಮುಕುಂದ. “ನಿಮ್ಮನ್ನ ನೋಡೀನಿ ಅನ್ಕೊಂಡಿದ್ದೆ. ಇಲ್ಲಿ ತನಕ ಅರ್ಧಾನೇ ನೋಡೀನಿ.”

ಮಥುರಾ ಅಂಗೈ ಇಳಿಸಿದಳು. ಮುಚ್ಚಿ ಮುಚ್ಚಿ ಬಲಗಣ್ಣು ಕೆಂಪಾಗಿತ್ತು, ರೆಪ್ಪೆಯೆಲ್ಲ ಒದ್ದೆ. ಅವಳು ತಲೆ ಎತ್ತಿ, ಎರಡೂ ಕಣ್ಣು ತೆರೆದು ಅವನನ್ನು ನೋಡಿದಳು.

“ನನ್ನ ನೋಡಿದ್ರ ಏನೂ ಆಗಂಗಿಲ್ಲಲ್ಲ?” ಅವನು ಕೇಳಿದ. ಆ ದನಿಯಲ್ಲಿ ತಮಾಷೆ ಇತ್ತು, ಹೆದರಿಕೆಯೂ ಇತ್ತು.

“ಆಗಾಕತ್ತದ,” ಎಂದಳು ಮಥುರಾ. “ಆದ್ರ ಇದಕ್ಕ ಕಣ್ಣು ಮುಚ್ಚಂಗಿಲ್ಲ ನಾ.”